ಬಲ್ಬ್‌ನಷ್ಟೇ ಕರೆಂಟ್ ತಗೊಳ್ಳುವ ಹೀಟರ್ ಅಂತೆ!

ಸಂಜೆ ನಮ್ಮ ಬೆಳಗಾವಿಯ ಖಡೇಬಜಾರ್ ಕಡೆ ಒಂದು ಅಂಗಡಿಗೆ ಮಿಕ್ಸರ್ ಜಾರ್ ತರೋಕೆ ಹೋಗಿದ್ದೆ. ಅಂಗಡಿ ಹೆಸರು ಬೇಡ ಬಿಡಿ. ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ರೂಮ್ ಹೀಟರ್ ನೋಡುತ್ತಾ ನಿಂತಿದ್ದರು. ಮಗಳು ಬಾಣಂತನಕ್ಕೆ ಬಂದಿದ್ದಾಳಂತೆ. ಟೈ ಕಟ್ಟಿದ ಹುಡುಗ ಎಣ್ಣೆ ತುಂಬಿದ ಹೀಟರ್ ಮೇಲೆ ಕೈಯಿಟ್ಟು ಹೇಳುತ್ತಿದ್ದ: "ಕಾಕಾ, ಒಮ್ಮೆ ಎಣ್ಣಿ ಕಾದ್ರ ಮುಗೀತ್ರಿ. ಆಮ್ಯಾಲೆ ಕರೆಂಟ್ ತಗೊಳ್ಳೂದೇ ಇಲ್ಲ. ಬಲ್ಬ್‌ನಷ್ಟ ಬಿಲ್ ಬರ್ತದ ನೋಡ್ರಿ."

ಕಾಕಾ ಕೇಳಿದರು: "ಎಣ್ಣಿ ಎಷ್ಟ ದಿನಕ್ಕೊಮ್ಮೆ ಹಾಕಬೇಕಪಾ?"

ಹುಡುಗ ನಕ್ಕ. ನನಗೆ ಮೈಯೆಲ್ಲಾ ಉರಿಯಿತು. ಆ ಎಣ್ಣೆ ಉರಿಯೋದಿಲ್ಲ, ಖರ್ಚಾಗೋದಿಲ್ಲ. ಒಳಗಿನ ಕಾಯಿಲ್ ಕಾಯುತ್ತೆ, ಎಣ್ಣೆ ಆ ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತೆ, ಅಷ್ಟೇ. ಕಾಯಿಸೋದು ಕರೆಂಟೇ. ಇಷ್ಟು ಹೇಳೋಕೆ ಆ ಹುಡುಗನಿಗೆ ಏನು ಕಷ್ಟ?

ನನ್ನ ಧಂದೆ ನಿಮಗೆಲ್ಲ ಗೊತ್ತೇ ಇದೆ. ಉದ್ಯಮಬಾಗದಲ್ಲಿ ದಿನವಿಡೀ ಸುಟ್ಟ ಮೋಟರ್ ಬಿಚ್ಚಿ ವೈಂಡಿಂಗ್ ಮಾಡೋನು ನಾನು. ಯಾವ ಮಷೀನ್ ಕಂಡರೂ ಮೊದಲು ಅದರ ಪ್ಲೇಟ್ ಓದೋದು ಅಭ್ಯಾಸ ಆಗಿಬಿಟ್ಟಿದೆ. ಹೀಟರನ್ನು ತಿರುಗಿಸಿದೆ. ಹಿಂದೆ, ಕೆಳಗಡೆ, ಬೆಳ್ಳಿ ಬಣ್ಣದ ಸ್ಟಿಕ್ಕರ್. 230 ವೋಲ್ಟ್, 50 ಹರ್ಟ್ಸ್, 2500 ವ್ಯಾಟ್. ಮುಂದಿನ ಡಬ್ಬದ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ 'ಎನರ್ಜಿ ಸೇವಿಂಗ್', ಜೊತೆಗೊಂದು ಹಸಿರು ಎಲೆ. ಎಲೆ ಯಾಕೋ ದೇವರಿಗೇ ಗೊತ್ತು.

ಲೆಕ್ಕ ಇಷ್ಟೇ ಮಾರಾಯ್ರೆ. ಸಾವಿರ ವ್ಯಾಟ್ ಒಂದು ತಾಸು ಉರಿದರೆ ಒಂದು ಯುನಿಟ್. 2500 ವ್ಯಾಟ್ ಅಂದರೆ ತಾಸಿಗೆ ಎರಡೂವರೆ ಯುನಿಟ್. ರಾತ್ರಿ ಆರು ತಾಸು ಪೂರ್ತಿ ಉರಿದರೆ 15 ಯುನಿಟ್, ತಿಂಗಳಿಗೆ 450. ತೆರಿಗೆ ಗಿರಿಗೆ ಸೇರಿ ಯುನಿಟ್‌ಗೆ 7 ರೂಪಾಯಿ ಹಿಡಿದರೂ 3,150 ರೂಪಾಯಿ. ಇದು ಬಲ್ಬ್‌ನಷ್ಟಾ? 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಇನ್ನೂರ ಎಪ್ಪತ್ತಕ್ಕೂ ಜಾಸ್ತಿ ಒಟ್ಟಿಗೆ ಹಚ್ಚಿದರೆ ಈ ಹೀಟರ್‌ಗೆ ಸಮ. ಅಷ್ಟು ಬಲ್ಬ್ ನಮ್ಮ ಓಣಿಯ ಗಣಪತಿ ಪೆಂಡಾಲ್‌ಗೂ ಹಾಕಲ್ಲ.

ಇನ್ನು ಗೃಹಜ್ಯೋತಿ ಇರೋರ ಕಥೆ ಕೇಳಿ. 2023ರಿಂದ ಸೊನ್ನೆ ಬಿಲ್ ನೋಡಿ ನೋಡಿ ನಮಗೆ ಮೀಟರ್ ಇರೋದೇ ಮರೆತುಹೋಗಿದೆ. ಆದರೆ ತಿಂಗಳಲ್ಲಿ 200 ಯುನಿಟ್ ದಾಟಿತೋ, ಮೇಲಿನಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. 90 ಯುನಿಟ್ ಬಳಸುವ ಮನೆಯಲ್ಲಿ 2000 ವ್ಯಾಟ್ ಹೀಟರ್ ದಿನಕ್ಕೆ ನಾಲ್ಕು ತಾಸು ಹಚ್ಚಿದರೆ 240 ಸೇರಿ 330 ಆಯ್ತು. ಸೊನ್ನೆಯಿಂದ ಸೀದಾ ಎರಡು ಸಾವಿರದ ಮೇಲೆ. ಆಮೇಲೆ "ಮೀಟರ್ ಜಂಪ್ ಆಗೇತಿ" ಅಂತ ಜಗಳ. ಮೀಟರ್ ಏನು ಮಾಡುತ್ತೆ ಪಾಪ.

ನನ್ನ ಮಾತು ನಂಬಬೇಡಿ, ಮೀಟರನ್ನೇ ಕೇಳಿ. ಅದರ ಮೇಲೆ ಒಂದು ಕೆಂಪು ದೀಪ ಮಿಣಕುತ್ತಿರುತ್ತೆ ಅಲ್ವಾ? ಪಕ್ಕದಲ್ಲೇ ಒಂದು ಯುನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತೆ. 3200 ಅಂತಿದ್ದರೆ ಅಷ್ಟು ಸಲ ಮಿಣಕಿದಾಗ ಒಂದು ಯುನಿಟ್. ಫ್ರಿಜ್ಜು, ಎರಡು ಬಲ್ಬ್ ಮಾತ್ರ ಇದ್ದಾಗ ಅದು ನಿಮಿಷಕ್ಕೆ ಏಳೆಂಟು ಸಲ ಆರಾಮಾಗಿ ಕಣ್ಣು ಹೊಡೆಯುತ್ತೆ. 2000 ವ್ಯಾಟ್ ಹೀಟರ್ ಹಚ್ಚಿ ಓಡಿಬಂದು ನೋಡಿ. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ! ಎಣ್ಣೆದು ಹಚ್ಚಿ, ಫ್ಯಾನಿಂದು ಹಚ್ಚಿ, ಕೆಂಪಗೆ ಹೊಳೆಯುವ ರಾಡಿಂದು ಹಚ್ಚಿ. ವ್ಯಾಟ್ ಒಂದೇ ಇದ್ದರೆ ದೀಪದ ಓಟವೂ ಒಂದೇ. ಬಿಸಿಯೂ ಅಷ್ಟೇ. ಇವೆಲ್ಲ ತಗೊಂಡ ಕರೆಂಟನ್ನು ಪೂರ್ತಿ ಬಿಸಿ ಮಾಡಿಬಿಡುವ ಸಾಮಾನುಗಳೇ. 1,200 ರೂಪಾಯಿದಾಗಲಿ, 12,000ದ್ದಾಗಲಿ, ಒಂದು ಯುನಿಟ್‌ನಿಂದ ಬರೋ ಶಾಖ ಒಂದೇ.

"ಮಾಮಾ, ಥರ್ಮೋಸ್ಟಾಟ್ ಇರ್ತದಲ್ಲ, ಖೋಲಿ ಕಾದಕೂಡ್ಲೇ ಅದು ಕರೆಂಟ್ ಕಟ್ ಮಾಡ್ತದ" ಅಂತ ನನ್ನ ಸೋದರಳಿಯ ಈಗಾಗಲೇ ಟೈಪ್ ಮಾಡುತ್ತಿರುತ್ತಾನೆ. ಹೌದಪ್ಪಾ ಇಂಜಿನಿಯರ್ ಸಾಹೇಬ, ಕಟ್ ಮಾಡುತ್ತೆ. ಖೋಲಿ ಬಿಸಿ ಹಿಡಿದಿಟ್ಟರೆ! ಶಹಾಪುರ, ವಡಗಾವಿ ಕಡೆಯ ನಮ್ಮ ಹಳೇ ಹಂಚಿನ ಮನೆಗಳಲ್ಲಿ ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗಿ ಕಾಗೆಗಳಿಗೆ ಬೆಚ್ಚಗಾಗುತ್ತೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಜಾಗ. ಅಂಥ ಖೋಲಿಯಲ್ಲಿ ಥರ್ಮೋಸ್ಟಾಟ್ ಕಟ್ ಮಾಡೋಕೆ ಕಾಯುತ್ತಾ ಕೂತರೆ ಬೆಳಗಾಗುತ್ತೆ. ಬಾಗಿಲ ಸಂದಿಗೆ ಹಳೇ ಸೀರೆ ಸುತ್ತಿ ಇಟ್ಟರೆ ಅದರಿಂದ ಜಾಸ್ತಿ ಉಳಿತಾಯ.

ನಿಜವಾಗಿ ಕಡಿಮೆ ಕರೆಂಟಿನಲ್ಲಿ ಜಾಸ್ತಿ ಬಿಸಿ ಕೊಡೋದು ಅಂದರೆ ಬಿಸಿಗಾಳಿಯನ್ನೂ ಕೊಡುವ ಹಾಟ್ ಆ್ಯಂಡ್ ಕೋಲ್ಡ್ ಎಸಿ. ಅದು ಹೊರಗಿನ ಗಾಳಿಯ ಶಾಖವನ್ನು ಎಳೆದು ಒಳಗೆ ತರುತ್ತೆ. ಹಾಗಾಗಿ ಒಂದು ಯುನಿಟ್‌ಗೆ ಮೂರು ಯುನಿಟ್‌ನಷ್ಟು ಬಿಸಿ ಸಿಗಬಹುದು. ನಮ್ಮಂಥ ಸಾಧಾರಣ ಚಳಿಗೆ ಚೆನ್ನಾಗೇ ನಡೆಯುತ್ತೆ. ಆದರೆ ಡಿಸೆಂಬರ್, ಜನವರಿಯ ಚಳಿಗೋಸ್ಕರ ಅಷ್ಟು ದುಡ್ಡು ಸುರಿಯೋರು ಯಾರು?

ಒಂದು ಮಾತು ಬಾಯಿಬಿಟ್ಟು ಹೇಳುತ್ತೇನೆ. ಅಂಗಡಿಯಲ್ಲಿ ನಾನು ಇಷ್ಟನ್ನೂ ಹೇಳಿದೆ. ಕಾಕಾ ನನ್ನ ಗ್ರೀಸ್ ಮೆತ್ತಿದ ಅಂಗಿ ನೋಡಿದರು, ಹುಡುಗನ ಟೈ ನೋಡಿದರು. ಹುಡುಗನನ್ನೇ ನಂಬಿದರು. ನನ್ನ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ಪುಕ್ಕಟೆ ಮಾತಿಗೆ ಬೆಲೆ ಇಲ್ಲ, ಸುಮ್ನೆ ಯಾಕೆ ಬಾಯಿ ಹಾಕಿದೆನೋ ಅನಿಸಿತು. ಕಾಕೂ ಮಾತ್ರ ಹೊರಗೆ ಬಂದು ಮೆಲ್ಲಗೆ ಕೇಳಿದರು: "ಹಂಗಾರ ಅಗ್ಗಿಷ್ಟಿಗಿನ ಚಲೋ ಏನಪಾ?" ಅಯ್ಯೋ, ಅದನ್ನಂತೂ ಬೇಡವೇ ಬೇಡ ಅಂದೆ. ಬಾಗಿಲು ಹಾಕಿದ ಖೋಲಿಯಲ್ಲಿ ಕೆಂಡ ಇಟ್ಟರೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳೋದಿಲ್ಲ. ಬಾಣಂತಿ, ಕೂಸು ಇರೋ ಮನೆಗೆ ಹೀಟರೇ ಸರಿ. ಹೀಟರ್ ಬೇಡ ಅಂತ ನಾನು ಎಲ್ಲೂ ಹೇಳುತ್ತಿಲ್ಲ, ಸುಳ್ಳು ಹೇಳಿ ಮಾರಬೇಡಿ ಅಂತಿದ್ದೇನೆ.

ಮಲಗೋ ಮುಂಚೆ ಸಾವಿರ ವ್ಯಾಟ್‌ಗೆ ಇಟ್ಟು ಎರಡು ತಾಸು ಖೋಲಿ ಕಾಯಿಸಿ, ಆರಿಸಿ, ಕೌದಿ ಹೊದ್ದು ಮಲಗಿದರೆ ತಿಂಗಳಿಗೆ 60 ಯುನಿಟ್, ಸುಮಾರು 420 ರೂಪಾಯಿ. ಒಬ್ಬರೇ ಕೂತು ಓದೋರಾದರೆ 400 ವ್ಯಾಟ್‌ನ ಒಂದೇ ರಾಡ್ ಕಾಲ ಹತ್ತಿರ ಸಾಕು. ಅದು ಖೋಲಿಯನ್ನಲ್ಲ, ನೇರವಾಗಿ ನಿಮ್ಮನ್ನು ಕಾಯಿಸುತ್ತೆ. ಹಾಸಿಗೆ, ಪರದೆಯಿಂದ ಮಾತ್ರ ದೂರ ಇರಲಿ.

'ಯಾವ ಕಂಪನಿದು ತಗೊಳ್ಳಲಿ' ಅಂತ ದಯವಿಟ್ಟು ಇನ್‌ಬಾಕ್ಸಿಗೆ ಬರಬೇಡಿ. ಎಷ್ಟು ವ್ಯಾಟು, ಎಷ್ಟು ತಾಸು ಹಚ್ಚುತ್ತೀರಿ, ಪ್ಲಗ್ ಯಾವುದು, ಇಷ್ಟು ಬರೆದುಕೊಂಡು ಬನ್ನಿ. 2000 ವ್ಯಾಟ್ ಅಂದರೆ ಎಂಟೂಮುಕ್ಕಾಲು ಆಂಪಿಯರ್ ಎಳೆಯುತ್ತೆ. ಮೊಬೈಲ್ ಚಾರ್ಜ್ ಮಾಡೋ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅದನ್ನು ಚುಚ್ಚಿ, ಕರಗಿದ ಮೇಲೆ ಫೋಟೋ ಕಳಿಸೋರು ಈಗಾಗಲೇ ಇಬ್ಬರಿದ್ದಾರೆ. 16 ಆಂಪಿಯರ್ ಸಾಕೆಟ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಹೀಟರ್ ಆಮೇಲೆ ನೋಡೋಣ.