ಕೇಳೋದಿದ್ದರೆ ಡಾಕ್ಟರ ಮುಂದೆಯೇ ಕೇಳಿ

ನಮ್ಮ ನಾಯಿ, ಬೆಕ್ಕಿಗೆ ವೆಟ್, ಅಂದರೆ ಪ್ರಾಣಿಗಳ ಡಾಕ್ಟರು, ಬರೆದುಕೊಟ್ಟ ಔಷಧಿಯನ್ನು ನಾವು ಪ್ರಶ್ನೆ ಮಾಡಬಹುದಾ? ಮಾಡಲೇಬೇಕು ಅನ್ನೋನು ನಾನು. ಆದರೆ ಕ್ಲಿನಿಕ್ಕಿನಲ್ಲೇ, ಡಾಕ್ಟರ ಎದುರಿಗೇ. ಅಲ್ಲಿ "ಸರಿ ಡಾಕ್ಟ್ರೇ" ಅಂತ ತಲೆಯಾಡಿಸಿ ಬಂದು, ರಾತ್ರಿ ಫೋನಿನಲ್ಲಿ ಸೈಡ್ ಎಫೆಕ್ಟ್ ಓದಿ ಬೆಚ್ಚಿಬಿದ್ದು, ಬೆಳಗ್ಗೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವವರು ಬಹಳ ಜನ ಇದ್ದಾರೆ. ಅದು ಪ್ರಶ್ನೆ ಮಾಡೋದಲ್ಲ, ನಾವೇ ಡಾಕ್ಟರಾಗೋದು.

ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಅನ್ನುವ ಹಿಂಜರಿಕೆ ಬಿಡಿ. ನಾಯಿಗೆ ಮಾತು ಬರುವುದಿಲ್ಲ. "ಹೋದ ವಾರ ಇನ್ನೊಂದು ಕಡೆ ತುರಿಕೆಗೆ ಇಂಜೆಕ್ಷನ್ ಕೊಟ್ಟಿದ್ರು" ಅಂತ ಅದು ಹೇಳುವುದಿಲ್ಲ. ಆ ಇಂಜೆಕ್ಷನ್ ಸ್ಟೀರಾಯ್ಡ್ ಆಗಿದ್ದು, ಇವತ್ತು ಕುಂಟುವ ಕಾಲಿಗೆ ಅಂತ ಇನ್ನೊಬ್ಬ ಡಾಕ್ಟರು ಮೆಲಾಕ್ಸಿಕಾಮ್ ಥರದ ನೋವಿನ ಔಷಧಿ ಬರೆದರೆ, ಎರಡೂ ಸೇರಿ ಹೊಟ್ಟೆಯಲ್ಲಿ ಹುಣ್ಣಾಗಬಹುದು, ರಕ್ತ ಹೋಗಬಹುದು, ಕೆಲವೊಮ್ಮೆ ಹೊಟ್ಟೆಯೇ ತೂತಾಗಬಹುದು. ಬರೆದವರದ್ದೇನೂ ತಪ್ಪಿಲ್ಲ, ಅವರಿಗೆ ಯಾರೂ ಹೇಳಿಲ್ಲ ಅಷ್ಟೇ. "ಬೇರೆ ಔಷಧಿ ನಡೀತಿದೆ, ಅದರ ಜೊತೆ ಇದು ಆಗುತ್ತಾ?" ಅಂತ ಒಂದು ಮಾತು ಕೇಳಿದ್ದರೆ ಅವರೇ ಪೆನ್ನು ನಿಲ್ಲಿಸಿ "ಯಾವುದು ನಡೀತಿದೆ?" ಅನ್ನುತ್ತಿದ್ದರು.

ಮೆಲಾಕ್ಸಿಕಾಮ್ ವಿಷಯವನ್ನೇ ಸ್ವಲ್ಪ ನೋಡಿ. ನಾಯಿಗೆ ಸಾಮಾನ್ಯವಾಗಿ ಕೊಡುವ ಸಿರಪ್ಪಿನಲ್ಲಿ ಒಂದು ಎಂಎಲ್‌ಗೆ 1.5 ಮಿಲಿಗ್ರಾಂ ಔಷಧಿ ಇರುತ್ತದೆ, ಬೆಕ್ಕಿನದರಲ್ಲಿ 0.5. ಹೆಸರು ಅದೇ, ಒಳಗೆ ಮಾತ್ರ ಮೂರು ಪಟ್ಟು ವ್ಯತ್ಯಾಸ. ಇನ್ನು ಜೊತೆಗೆ ಬರುವ ಸಿರಿಂಜ್. ಅದರ ಮೇಲಿನ ಗೆರೆಗಳು ಎಷ್ಟೋ ಸಲ ಎಂಎಲ್ ಅಲ್ಲ, ಪ್ರಾಣಿಯ ತೂಕ, ಅಂದರೆ ಕೆಜಿ. ಐದು ಕೆಜಿ ನಾಯಿಗೆ ಮೊದಲ ದಿನ ಬಿಟ್ಟರೆ ದಿನಕ್ಕೆ ಬೇಕಾಗೋದು ಸುಮಾರು 0.33 ಎಂಎಲ್. ಸಿರಿಂಜ್ ಎಲ್ಲೋ ಕಳೆದುಹೋಗಿ, "ಐದರ ಗೆರೆ ತನಕ ಅಂದಿದ್ರಲ್ಲ" ಅಂತ ಮಾಮೂಲಿ ಸಿರಿಂಜಿನಲ್ಲಿ 5 ಎಂಎಲ್ ಎಳೆದರೆ 15 ಪಟ್ಟು ಡೋಸ್ ಆಯ್ತು! ಅದಕ್ಕೇ ನಾನು ಅಲ್ಲೇ ಸಿರಿಂಜ್ ಹೊರಗೆ ತೆಗೆದು "ಎಲ್ಲಿವರೆಗೆ ಎಳೀಬೇಕು, ಒಂದು ಗೆರೆ ಹಾಕಿಕೊಡಿ" ಅನ್ನುತ್ತೇನೆ. ಪಕ್ಕದಲ್ಲಿ ಕೂತವರು ನಗುತ್ತಾರೆ. ನಗಲಿ.

ಇದೇ ಔಷಧಿ ಬೆಕ್ಕಿಗೆ ವಿಷ ಅಂತ ಒಂದು ಕಡೆ ಓದುತ್ತೀರಿ, ಏನೂ ಆಗಲ್ಲ ಅಂತ ಇನ್ನೊಂದು ಕಡೆ. ಎರಡಕ್ಕೂ ಕಾರಣ ಇದೆ. ಬೆಕ್ಕಿಗೆ ಪದೇ ಪದೇ ಕೊಟ್ಟರೆ ಕಿಡ್ನಿ ಕೈಕೊಟ್ಟು ಸಾವೂ ಆಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಲೇಬಲ್ ಮೇಲೆ ಎಚ್ಚರಿಕೆ ಹಾಕಿಸಿತು. ಯೂರೋಪಿನಲ್ಲಿ ಅದನ್ನೇ ತುಂಬಾ ಸಣ್ಣ ಡೋಸಿನಲ್ಲಿ, ಹಳೇ ಕೀಲುನೋವಿಗೆ, ದಿನಾ ಕೊಡಲು ಒಪ್ಪಿಗೆ ಇದೆ. ಹಾಗಾಗಿ "ಇದು ವಿಷ ಅಂತಾರಲ್ಲ?" ಅಂತ ಡಾಕ್ಟರ ಮೇಲೆ ಎಗರಿದರೆ ಪ್ರಯೋಜನ ಇಲ್ಲ. "ಎಷ್ಟು ದಿನ ಕೊಡಬೇಕು? ಮೊದಲು ಕಿಡ್ನಿ ಟೆಸ್ಟ್ ಮಾಡಿಸೋದು ಬೇಡ್ವಾ? ಊಟ ಬಿಟ್ಟರೆ ಏನು ಮಾಡಲಿ?" ಇಂಥವನ್ನು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ನಮ್ಮ ಅಂದಾಜು ಎಷ್ಟು ದಾರಿ ತಪ್ಪಿಸುತ್ತದೆ ಅನ್ನೋದಕ್ಕೆ ಥೈರಾಯ್ಡ್ ಮಾತ್ರೆ ನೋಡಿ. 20 ಕೆಜಿ ನಾಯಿಗೆ ಲೆವೊಥೈರಾಕ್ಸಿನ್ 0.4 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಬರೆಯುವುದುಂಟು. ದೊಡ್ಡ ಮನುಷ್ಯರಿಗೆ ಇಡೀ ದಿನಕ್ಕೆ 0.1 ಮಿಲಿಗ್ರಾಂ ಆಸುಪಾಸಿನಲ್ಲೇ ಸಾಕಾಗುತ್ತದೆ. ಚೀಟಿ ನೋಡಿದ ಯಾರಿಗಾದರೂ ಡಾಕ್ಟರು ಕೈತಪ್ಪಿ ಬರೆದಿದ್ದಾರೆ ಅನ್ನಿಸುತ್ತದೆ. ತಪ್ಪಲ್ಲ, ನಾಯಿಯ ಮೈ ಅದನ್ನು ಬೇಗ ಖರ್ಚು ಮಾಡಿಬಿಡುತ್ತದೆ. ಪ್ಯಾರಸಿಟಮಾಲ್ ಇದಕ್ಕೆ ಪೂರ್ತಿ ಉಲ್ಟಾ. ನಾವು ಜ್ವರ ಬಂದರೆ ಯೋಚನೆ ಮಾಡದೆ ನುಂಗುವ ಆ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದರ ಲಿವರಿಗೆ ಅದನ್ನು ಅರಗಿಸಿ ಹೊರಹಾಕಲು ಆಗುವುದಿಲ್ಲ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಯಾವ ವೆಟ್ಟೂ ಬೆಕ್ಕಿಗೆ ಅದನ್ನು ಬರೆಯುವುದಿಲ್ಲ. ಕೊಡೋದು ನಾವು, ಮನೆಯಲ್ಲಿ, ಪ್ರೀತಿಯಿಂದ.

ನಿಲ್ಲಿಸೋದೂ ಹಾಗೇ. ಸ್ಟೀರಾಯ್ಡ್ ಶುರುವಾದರೆ ನಾಯಿ ಬಕೆಟ್ಟುಗಟ್ಟಲೆ ನೀರು ಕುಡಿದು ಮನೆಯೆಲ್ಲ ಉಚ್ಚೆ ಮಾಡುತ್ತದೆ, ನೋಡಿದವರಿಗೆ ಗಾಬರಿ ಆಗುವುದು ಸಹಜ. ಆದರೆ ತುಂಬಾ ದಿನ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಲೇ ಬಿಡಿಸಬಾರದು, ಡೋಸ್ ಇಳಿಸುತ್ತಾ ಬರಬೇಕು. ಮೈ ತನಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವುದನ್ನು ಅಷ್ಟರಲ್ಲಿ ನಿಲ್ಲಿಸಿರುತ್ತದೆ. ಫಿಟ್ಸಿಗೆ ಕೊಡುವ ಫಿನೊಬಾರ್ಬಿಟಾಲ್ ತಟ್ಟನೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಒಂದು ಫೋನ್ ಮಾಡಿದರೆ ಮುಗಿಯುವ ವಿಷಯ ಇದು.

ಮನೆಯಲ್ಲಿರೋದು ಕೋಲಿ (Collie) ಜಾತಿಯ ನಾಯಿಯಾದರೆ, ಹುಳು, ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಹೆಸರು ಕಂಡಾಗ ಬಾಯಿ ಬಿಟ್ಟು ಕೇಳಿ. ಅವುಗಳಲ್ಲಿ ಎಷ್ಟೋ ನಾಯಿಗಳಿಗೆ ಎಂಡಿಆರ್1 ಅನ್ನುವ ಜೀನ್‌ನಲ್ಲಿ ದೋಷ ಇರುತ್ತದೆ, ದೊಡ್ಡ ಡೋಸ್ ಮಿದುಳಿಗೆ ನುಗ್ಗಿಬಿಡುತ್ತದೆ. ಉಣ್ಣಿ, ಚಿಗಟಕ್ಕೆ ಕೊಡುವ ಫ್ಲುರಾಲನರ್ ಥರದ ಮಾತ್ರೆಗಳ ಬಗ್ಗೆ 2018ರಲ್ಲಿ ಎಫ್‌ಡಿಎ ಎಚ್ಚರಿಸಿತ್ತು, ಕೆಲವು ಪ್ರಾಣಿಗಳಿಗೆ ಫಿಟ್ಸ್ ಬರಬಹುದು ಅಂತ. ಬಹುಪಾಲು ನಾಯಿಗಳಿಗೆ ಏನೂ ಆಗುವುದಿಲ್ಲ, ಆದರೆ ನಿಮ್ಮದಕ್ಕೆ ಒಂದು ಸಲವಾದರೂ ಫಿಟ್ಸ್ ಬಂದಿದ್ದರೆ ಅದು ಗೊತ್ತಿರೋದು ನಿಮಗೆ. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ಹಿಂದೆಯೇ ಸ್ವಲ್ಪ ನೀರೋ ಊಟವೋ ಹೋಗಬೇಕು, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿಕೊಂಡು ಸುಟ್ಟು ಗಾಯವಾಗಬಹುದು. ಕ್ಯೂ ಉದ್ದ ಇದ್ದ ದಿನ ಇದನ್ನು ಹೇಳೋದು ಡಾಕ್ಟರಿಗೆ ಮರೆತೂ ಹೋಗಬಹುದು. "ಹೇಗೆ ಕೊಡೋದು?" ಅಂತ ಕೇಳಿದರೆ ತಾನಾಗಿ ನೆನಪಾಗುತ್ತದೆ.

"ಕೊಡದೇ ಎರಡು ದಿನ ನೋಡಬಹುದಾ?" ಅನ್ನೋದನ್ನೂ ಕೇಳಿ. ಲವಲವಿಕೆಯಿಂದ ಓಡಾಡಿಕೊಂಡು, ಊಟ ಮಾಡಿಕೊಂಡಿರುವ ನಾಯಿಯ ಸಣ್ಣಪುಟ್ಟ ಭೇದಿ ಎಷ್ಟೋ ಸಲ ಆಂಟಿಬಯೋಟಿಕ್ ಇಲ್ಲದೆಯೇ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ಕೆಲವು ಡಾಕ್ಟರು ಮೆಟ್ರೊನಿಡಜೋಲ್ ಬರೆಯೋದು ನಮ್ಮ ಮುಖ ನೋಡಿ. ಏನೂ ಬರೆಯದೆ ಕಳಿಸಿದರೆ ಗೊಣಗುವವರೂ ನಾವೇ ಅಲ್ವಾ?

ಸಿಡುಕುವ ಡಾಕ್ಟರೂ ಇದ್ದಾರೆ. "ನಾನು ಓದಿರೋದೋ ನೀವೋ?" ಅಂತ ಒಂದು ಸಲ ಅಂದರೆ ಸುಸ್ತಾಗಿದ್ದಾರೆ ಅಂದುಕೊಳ್ಳುತ್ತೇನೆ. ಪ್ರತಿ ಸಲ ಅಂದರೆ ಬೇರೆ ಡಾಕ್ಟರನ್ನು ಹುಡುಕುತ್ತೇನೆ, ಅಲ್ಲಿಗೆ ಹಳೇ ಚೀಟಿಗಳನ್ನೆಲ್ಲ ತೆಗೆದುಕೊಂಡೇ ಹೋಗುತ್ತೇನೆ.

ಮೆಡಿಕಲ್ ಶಾಪಿನಲ್ಲಿ "ಇದೇ ಕಂಪೋಸಿಷನ್, ಮನುಷ್ಯರದ್ದು" ಅಂತ ಬೇರೆ ಬಾಟಲಿ ಕೊಟ್ಟರೂ ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ. ಮನುಷ್ಯರ ಔಷಧಿಯನ್ನು ವೆಟ್‌ಗಳೂ ಬರೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನೋವಿಗೆ ಕೊಡುವ ಗ್ಯಾಬಪೆಂಟಿನ್‌ನ ಮನುಷ್ಯರ ಸಿರಪ್ಪಿಗೆ ಸಿಹಿಗೆ ಅಂತ ಝೈಲಿಟಾಲ್ ಹಾಕಿರುವುದುಂಟು. ಅದು ನಾಯಿಯ ರಕ್ತದಲ್ಲಿನ ಸಕ್ಕರೆ ಅಂಶವನ್ನು ಸರ್ರನೆ ಇಳಿಸುತ್ತದೆ, ಲಿವರ್ ಹಾಳು ಮಾಡುತ್ತದೆ.