ಎಳನೀರು ಬುರುಡೆ ಮತ್ತು ಸೋಲಾರ್ ಡಬ್ಬಿ

ದಾವಣಗೆರೆಯ ಪಿ.ಬಿ. ರಸ್ತೆಯ ಪಕ್ಕ ಎಳನೀರು ಕುಡಿಯುವವರಿಗೆ ಒಂದು ತಾಪತ್ರಯ ತಪ್ಪಿದ್ದಲ್ಲ. ಕುಡಿಯುವ ತನಕ ಎಲ್ಲ ಸರಿ, ಕುಡಿದಾದ ಮೇಲೆ ಕೈಯಲ್ಲಿ ಉಳಿದ ಬುರುಡೆಯನ್ನು ಎಲ್ಲಿ ಒಗೆಯುವುದು? ಗಾಡಿಯ ಹಿಂದಿನ ರಾಶಿ ಆಗಲೇ ಚರಂಡಿಗೆ ಇಳಿದಿರುತ್ತದೆ. ಕಂಬಕ್ಕೆ ತೂಗುಹಾಕಿದ ಜೋಡಿ ಡಬ್ಬಿಗಳಲ್ಲಿ ಒಂದರ ಪಿನ್ನು ಹೋಗಿ ಅದು ಬೋರಲು ಬಿದ್ದಿರುತ್ತದೆ. ಇನ್ನೊಂದರ ಬಾಯಿಗೆ ಯಾರೋ ಮನೆ ಕಸದ ಚೀಲ ತುರುಕಿರುತ್ತಾರೆ. ಸರಿಯಾಗಿ ಇದೇ ಹೊತ್ತಿಗೆ ಪಕ್ಕದವರೊಬ್ಬರು ಮೊಬೈಲ್ ಮುಂದೆ ಹಿಡಿದು, ‘ನೋಡ್ರಿ, ಫಾರಿನ್ನಾಗೆ ಬಿಸಿಲಿಗೇ ಕಸ ಒತ್ತೋ ಡಬ್ಬಿ ಐತಂತೆ. ನಮ್ಮೂರಾಗೆ ಬಿಸಿಲಿಗೇನು ಬರ?’ ಅನ್ನುತ್ತಾರೆ.

ಬಿಸಿಲಿಗೆ ಬರವಿಲ್ಲ, ಒಪ್ಪೋಣ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ಊರುಗಳಲ್ಲೇ ದಾವಣಗೆರೆ ಇತ್ತು; ಹಾಗಾಗಿ ಬುದ್ಧಿವಂತ ಡಬ್ಬಿಯ ಆಸೆಯೂ ತಪ್ಪಲ್ಲ. ಆದರೆ ಸೋಲಾರ್ ಕರೆಂಟಿನಿಂದ ಕಸವನ್ನು ಒಳಗೇ ಒತ್ತಿ ಕುಗ್ಗಿಸುವ ಈ ಡಬ್ಬಿ ಮೊದಲು ಬೀದಿಗಿಳಿದದ್ದು 2004ರಲ್ಲಿ, ಅಮೆರಿಕದ ಕೊಲೊರಾಡೊದ ವೇಲ್ ಎಂಬ ಹಿಮದ ಊರಿನಲ್ಲಿ. ಅಲ್ಲಿನ ಕಸವೆಂದರೆ ಕಾಫಿ ಕಪ್ಪು, ಕಾಗದದ ಚೀಲ, ಖಾಲಿ ಬಾಟಲಿ. ಮುಕ್ಕಾಲು ಪಾಲು ಗಾಳಿ. ಆ ಗಾಳಿಯನ್ನು ಹಿಂಡಿದರೆ ಸುಮಾರು 120 ಲೀಟರ್ ಡಬ್ಬಿಯ ಜಾಗದಲ್ಲಿ 570 ಲೀಟರಿನಷ್ಟು ಕಸ ಕೂರುತ್ತದೆ. ಅಮೆರಿಕದ್ದೇ ಫಿಲಡೆಲ್ಫಿಯಾ ನಗರದವರು 2009ರಲ್ಲಿ ಇಂಥವನ್ನು ನೂರಾರು ನಿಲ್ಲಿಸಿ, ವಾರಕ್ಕೆ 17 ಸಲ ಕಸ ಎತ್ತುವುದನ್ನು 5ಕ್ಕೆ ಇಳಿಸುವ ಲೆಕ್ಕ ಹಾಕಿದ್ದರು.

ನಮ್ಮ ಕಸದಲ್ಲಿ ಗಾಳಿ ಎಲ್ಲಿದೆ? ಅರ್ಧದಷ್ಟು ನೀರು. ಅವರ 100 ಲೀಟರ್ ಕಸ 10–15 ಕಿಲೋ ತೂಗಿದರೆ ನಮ್ಮದು 40–50 ಕಿಲೋ. ಒತ್ತಿದರೆ ಕುಗ್ಗುವುದು ಕಡಿಮೆ, ಸೋರುವುದು ಹೆಚ್ಚು. ಕೆಳಗೆ ರಸ ಹಿಡಿಯುವ ತಟ್ಟೆ ಇಲ್ಲದಿದ್ದರೆ ಫುಟ್‌ಪಾತ್ ಮೇಲೆ ಕಪ್ಪು ಗೆರೆ ಮೂಡುತ್ತದೆ. ತಟ್ಟೆ ಇದ್ದರೆ ಅದನ್ನು ಹೊರತೆಗೆದು ಚೆಲ್ಲುವ ಕೆಲಸ ಪೌರಕಾರ್ಮಿಕರದು. ಅದಕ್ಕಿಂತ ಸಿಟ್ಟು ಬರಿಸುವುದು ಡಬ್ಬಿಗಿರುವ ಒಂದೇ ಬಾಯಿ. ಹಸಿ, ಒಣ ಬೇರೆ ಮಾಡಿ ಎಂದು ಘನತ್ಯಾಜ್ಯ ನಿಯಮವೇ ಹೇಳುತ್ತದೆ, ಮನೆಮನೆಗೆ ಬರುವ ಆಟೋ ಟಿಪ್ಪರ್ ಹಾಡು ಹಾಕಿ ಹೇಳುತ್ತದೆ. ಇಲ್ಲಿ ನೋಡಿದರೆ ಮಿರ್ಚಿಯ ಎಣ್ಣೆ ಕಾಗದ, ಉಳಿದ ಮಂಡಕ್ಕಿ, ಚಟ್ನಿ ಹತ್ತಿದ ಅಡಿಕೆ ಹಾಳೆ ತಟ್ಟೆ, ನೀರಿನ ಬಾಟಲಿ ಎಲ್ಲವನ್ನೂ ಒಟ್ಟಿಗೆ ಒತ್ತಿ, ಯಾರೂ ಬಿಡಿಸಲಾಗದಂತೆ ಉಂಡೆ ಕಟ್ಟಿಕೊಡಲು ಒಂದು ಮೋಟರು!

ಸೋಲಾರ್ ಪ್ಯಾನೆಲ್ ಇರುವುದು ಡಬ್ಬಿಯ ನೆತ್ತಿಯಲ್ಲಿ. ಹಿಡಿಕೆ ಮುಟ್ಟಲು ಹೇಸುವವರು ಟೀ ಕಪ್ಪನ್ನು ಅದರ ಮೇಲೇ ಇಟ್ಟು ಹೋಗುತ್ತಾರೆ. ಇದಕ್ಕೆ ಕಾಲಿನಿಂದ ಒತ್ತುವ ಪೆಡಲ್ ಬೇಕು. ಮೇಲೆ ಧೂಳು, ಪಕ್ಕದಲ್ಲಿ ಹೊಂಗೆ ಮರದ ನೆರಳು ಸೇರಿದರೆ 12 ವೋಲ್ಟಿನ ಬ್ಯಾಟರಿ ಸೊರಗಿ, ಒತ್ತುವುದೂ ನಿಲ್ಲುತ್ತದೆ, ತುಂಬಿದೆ ಎಂದು ಸಂದೇಶ ಕಳಿಸುವುದೂ ನಿಲ್ಲುತ್ತದೆ. ಇನ್ನು ಒಳಗಿನ ಸೆನ್ಸರ್ ಕಣ್ಣಿಗೆ ಒಂದು ಪ್ಲಾಸ್ಟಿಕ್ ಚೀಲ ಅಡ್ಡ ನೇತಾಡಿದರೆ ಸಾಕು, ಖಾಲಿ ಡಬ್ಬಿಯೂ ತುಂಬಿದೆ ಅನ್ನುತ್ತದೆ. ಇವೆಲ್ಲ ಒರೆಸಿ, ತೊಳೆದು ಸರಿಮಾಡುವಂಥವು. ಬುರುಡೆ ಹಾಗಲ್ಲ.

ಕುಡಿದ ಬುರುಡೆ ಒಂದೊಂದೂ ಒಂದು, ಒಂದೂವರೆ ಕಿಲೋ. ಬೇಸಿಗೆಯಲ್ಲಿ ನೂರು ಕಾಯಿ ಖರ್ಚಾದ ಗಾಡಿಯ ಹಿಂದೆ ಒಂದು ಕ್ವಿಂಟಲ್ ದಾಟಿದ ಗುಡ್ಡ. ಒತ್ತುವ ಹಲಗೆ ಮೇಲಿನಿಂದ ಇಳಿದರೆ ಹಸಿ ನಾರು ಒಂದಿಷ್ಟು ತಗ್ಗಿ, ಹಲಗೆ ಮೇಲೆದ್ದ ಕೂಡಲೇ ಮತ್ತೆ ಉಬ್ಬುತ್ತದೆ. ಮೋಟರು ಎಳೆಯುವ ಕರೆಂಟು ಮಿತಿ ಮೀರಿದೊಡನೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ಹಿಂದೆ ಸರಿಯುತ್ತದೆ. ಅದರ ತಿಳಿವಳಿಕೆಯಲ್ಲಿ, ಇನ್ನು ಕುಗ್ಗದ ಕಸವೆಂದರೆ ತುಂಬಿದ ಡಬ್ಬಿ. ಹತ್ತಿಪ್ಪತ್ತು ಬುರುಡೆಗೆ ಲಾರಿ ಕರೆಯುವ ಯಂತ್ರ ಡೀಸೆಲ್ ಉಳಿಸಿದ ಹಾಗೇ ಇದೆ.

ಹೊರಗೇ ಬಿಟ್ಟರೆ ಇನ್ನೊಂದು ಪೀಡೆ. ಬಾಯಿ ಮೇಲಾಗಿ ಬಿದ್ದ ಬುರುಡೆಯಲ್ಲಿ ಒಂದು ಮಳೆಯ ನೀರು ನಿಂತರೆ ಡೆಂಗಿ ಸೊಳ್ಳೆಯ ಮೊಟ್ಟೆ ಎಂಟು ಹತ್ತು ದಿನದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ಇದಕ್ಕೆ ಮದ್ದು ಮಚ್ಚಿನ ಒಂದೇ ಏಟು. ‘ಗಂಜಿ ತೆಗೀಲೇನ್ರಿ?’ ಎಂದು ಕೇಳುವ ಗಾಡಿಯವರು ಬುರುಡೆಯನ್ನು ಎರಡು ಹೋಳು ಮಾಡಿ, ಅದರ ಸಿಪ್ಪೆಯಿಂದಲೇ ಒಂದು ಚಮಚ ಕೆತ್ತಿ ಕೊಡುತ್ತಾರೆ. ಆ ಹೋಳುಗಳನ್ನು ಬೋರಲು ಹಾಕಿದರೆ ನೀರು ನಿಲ್ಲದು, ಬೇಗ ಒಣಗುತ್ತದೆ, ಜಾಗವೂ ಕಡಿಮೆ. ತೊಂದರೆ ಇರುವುದು ‘ಬರೀ ನೀರಿಂದು ಕೊಡಪ್ಪ’ ಅನ್ನುವವರಿಂದ. ಅವರ ಬುರುಡೆ ಇಡಿಯಾಗಿ ರಾಶಿಗೆ ಬೀಳುತ್ತದೆ. ಎಲ್ಲ ಬುರುಡೆಗೂ ಆ ಕೊನೆಯ ಏಟು ಹಾಕಿಸಿದರೆ ಅರ್ಧ ಸ್ಮಾರ್ಟ್ ಸಿಟಿ ಆದಂತೆ. ಏಟಿಗೆ ಕೂಲಿ ಯಾರು ಕೊಡುತ್ತಾರೆ ಎಂದು ಗಾಡಿಯವರು ಕೇಳಿದರೆ ಅದೂ ನ್ಯಾಯವೇ.

ಹೋಳಾದದ್ದನ್ನು ಪುಡಿ ಮಾಡುವ ಯಂತ್ರಗಳಿವೆ. ಹಸಿಯಾಗಿಯೇ ಹಾಕಿದರೆ ನಾರು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಆಗ ಸ್ವಿಚ್ಚು ಆರಿಸಿ, ಕುಯ್‌ಗತ್ತಿಯಿಂದ ಕೊಯ್ದು ಬಿಡಿಸಬೇಕು. ನಾಲ್ಕೈದು ದಿನ ಬಿಸಿಲಿಗೆ ಹರವಿ ಹಾಕಿದರೆ ವಾಸಿ. ಬಂದ ಪುಡಿಗೆ ಸಗಣಿ ಬಗ್ಗಡ ಕಲಸಿ, ತೇವ ಆರದಂತೆ ಆಗಾಗ ತಿರುವಿಹಾಕಿದರೂ ನಾರು ಗೊಬ್ಬರವಾಗಲು ಮೂರು ತಿಂಗಳಾದರೂ ಬೇಕು. ಇನ್ನು ಬ್ಲೇಡು. ನಾರಿಗಿಂತ ಅದರ ಜೊತೆ ಬರುವ ಮಣ್ಣಿಗೇ ಬೇಗ ಮೊಂಡಾಗುತ್ತದೆ. ಬಿಚ್ಚಿ, ಲೇತ್ ಅಂಗಡಿಗೆ ಒಯ್ದು, ಸಾಣೆ ಹಿಡಿಸಿ, ಎರಡೂ ಕಡೆ ತೂಕ ಸರಿನೋಡಿ ಮತ್ತೆ ಕೂರಿಸಬೇಕು. ತೂಕ ತಪ್ಪಿದರೆ ಬೇರಿಂಗ್ ಹೋಗುತ್ತದೆ. ಒಂದು ಜೊತೆ ಬ್ಲೇಡು ಹೆಚ್ಚಿಗೆ ಇಟ್ಟುಕೊಂಡಿದ್ದರೆ ಕೆಲಸ ನಿಲ್ಲುವುದಿಲ್ಲ, ಯಂತ್ರ ಕೊಳ್ಳುವಾಗಲೇ ಬರೆಸಿಕೊಳ್ಳುವುದು ಒಳ್ಳೆಯದು.