ಇಳಿಜಾರಿನಲ್ಲಿ ಗೊತ್ತಾಗುವ ಎಂಜಿನ್

ಕಳೆದ ಜನವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಬಳಿಯ ಚಿಕ್ಕಪ್ಪನ ಕಾಫಿ ತೋಟಕ್ಕೆ ಹೋಗಿದ್ದಾಗ ಹೊಸ ಪಿಕಪ್ ಕೊಳ್ಳುವ ಮಾತು ಬಂತು. ಅವರು ಮೊದಲು ಕೇಳಿದ್ದು, "ಇದನ್ನು ಬಿಚ್ಚಿ ಕಟ್ಟುವವರು ಕುಶಾಲನಗರದಲ್ಲಿ ಸಿಗುತ್ತಾರೇನಪ್ಪಾ?" ಎಂದು. ನಾನು ಹದಿನಾಲ್ಕು ವರ್ಷಗಳಿಂದ ನೆಲೆಸಿರುವ ಅಮೆರಿಕದ ಕೊಲರಾಡೊದಲ್ಲಿ ಪಿಕಪ್ ಕೊಳ್ಳುವವರು ಮೊದಲು ಕೇಳುವುದು, ಎಷ್ಟು ಎಳೆಯುತ್ತದೆ ಎಂದು. ಚಿಕ್ಕಪ್ಪನ ಪ್ರಶ್ನೆಯಲ್ಲಿ ವಿವೇಕ ಹೆಚ್ಚಿದೆ. ಆದರೂ ಬೆಟ್ಟದ ನಾಡಿಗೆ ಅದೊಂದೇ ಸಾಲದು ಎಂಬುದು ನನ್ನ ಅನಿಸಿಕೆ.

ಅಮೆರಿಕದಲ್ಲಿ ಪಿಕಪ್‌ಗೆ ಡೀಸೆಲ್ ಎಂಜಿನ್ ಬೇಕೆಂದರೆ ಪೆಟ್ರೋಲಿನದಕ್ಕಿಂತ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು ತೆರಬೇಕು, ಇಂಧನವೂ ಸಾಮಾನ್ಯವಾಗಿ ಪೆಟ್ರೋಲಿಗಿಂತ ದುಬಾರಿ. ಹಾಗಾಗಿ ಕೊಟ್ಟ ಹಣಕ್ಕೆ ತಕ್ಕ ಅಂಕಿಗಳನ್ನು ಜನ ನಿರೀಕ್ಷಿಸುತ್ತಾರೆ. ಫೋರ್ಡ್‌ನ 6.7 ಲೀಟರ್ ವಿ-8 (ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ ಎರಡು ಸಾಲಾಗಿರುವ) ಎಂಜಿನ್ನಿನ ಹೆಚ್ಚು ಬಲದ ಮಾದರಿ 500 ಅಶ್ವಶಕ್ತಿಯನ್ನೂ 1,600 ನ್ಯೂಟನ್ ಮೀಟರ್‌ಗೂ ಮಿಗಿಲಾದ ಟಾರ್ಕನ್ನೂ, ಅಂದರೆ ತಿರುಗಿಸುವ ಬಲವನ್ನೂ, ಕೊಡುತ್ತದೆ. ನಮ್ಮ ಬೊಲೆರೊ ಪಿಕಪ್‌ನ 2.5 ಲೀಟರ್ ಎಂಜಿನ್ನಿನ ಲೆಕ್ಕ ಸುಮಾರು 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್. ಅಷ್ಟರಲ್ಲೇ ಅದು ಕಾಫಿ ಮೂಟೆಗಳನ್ನು ಹೇರಿಕೊಂಡು ಕೆಸರಿನ ತೋಟದ ದಾರಿ ಹತ್ತುತ್ತದೆ. ಅಲ್ಲಿ ಅಷ್ಟು ಬಲದ ಪಿಕಪ್‌ಗಳಲ್ಲಿ ಎಷ್ಟೋ ದಿನಸಿ ಅಂಗಡಿಗೆ ಹೋಗಿಬರುವುದಕ್ಕಷ್ಟೇ ಓಡುತ್ತವೆ ಎಂಬುದನ್ನು ಚಿಕ್ಕಪ್ಪ ಇನ್ನೂ ನಂಬಿಲ್ಲ.

ಆ ದೇಶದ ಮೂರು ಮುಖ್ಯ ಆಯ್ಕೆಗಳಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್‌ನವು ವಿ-8. ರ್‍ಯಾಮ್ ಪಿಕಪ್‌ಗೆ ಬರುವ ಕಮಿನ್ಸ್ ಮಾತ್ರ ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಇಟ್ಟುಕೊಂಡದ್ದು. ನನ್ನ ಒಲವು ಸಾಲಿನ ಆರರ ಕಡೆಗೇ. ಅದರ ತೂಕ ತಾನಾಗಿಯೇ ಸರಿದೂಗುವುದರಿಂದ ನಡುಕ ಕಡಿಮೆ, ಎರಡೂ ಬದಿಗೆ ಕೈ ಹಾಕಲು ಜಾಗವಿರುತ್ತದೆ. ಕೆಲವು ವಿ-8 ಪಿಕಪ್‌ಗಳಲ್ಲಾದರೋ ದೊಡ್ಡ ರಿಪೇರಿಗೆ ಕ್ಯಾಬಿನ್ನನ್ನೇ ಮೇಲೆತ್ತುತ್ತಾರೆ. ದೂರ ಓಡುವ ಭಾರಿ ಟ್ರಕ್ಕುಗಳ ಕಮಿನ್ಸ್ ಎಕ್ಸ್15, ಡೆಟ್ರಾಯಿಟ್ ಡಿಡಿ15, ವೋಲ್ವೊ ಡಿ13 ಎಲ್ಲವೂ ಸಾಲಿನ ಆರೇ. ಇದು ಕೊಡಗಿಗೆ ಹೊಸತೂ ಅಲ್ಲ: 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂದ 5.9 ಲೀಟರ್ ಕಮಿನ್ಸ್ ಬಿ ಸರಣಿಯ ಬಳಗದ ಎಂಜಿನ್ನುಗಳೇ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ಟಾಟಾ ಲಾರಿಗಳಿಗೆ ಬಂದು, ಸಂಪಾಜೆ ಘಾಟಿಯನ್ನು ವರ್ಷಗಟ್ಟಲೆ ಹತ್ತಿಳಿದಿವೆ.

ಹತ್ತುವುದು ಬಿಡಿ, ನಿಧಾನವಾಗಿಯಾದರೂ ಎಲ್ಲವೂ ಹತ್ತುತ್ತವೆ. ಇಳಿಯುವಾಗಲೇ ಎಂಜಿನ್ನಿನ ನಿಜವಾದ ಗುಣ ತಿಳಿಯುವುದು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರಂತೆ ಒಳಬರುವ ಗಾಳಿಯನ್ನು ಕಟ್ಟಿಹಾಕಿ ವೇಗ ನಿಯಂತ್ರಿಸುವುದಿಲ್ಲವಾದ್ದರಿಂದ, ಕಾಲು ತೆಗೆದ ಮಾತ್ರಕ್ಕೆ ಅದು ಗಾಡಿಯನ್ನು ಅಷ್ಟಾಗಿ ಹಿಡಿದು ನಿಲ್ಲಿಸದು. ಡೀಸೆಲ್ ತಯಾರಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯಲ್ಲಿ ತನ್ನದೇ ಎಂಜಿನ್ನಿನ ಟ್ರಕ್ಕಿನಲ್ಲಿ ಇಳಿಯುವಾಗ ಬ್ರೇಕ್ ಕೈಕೊಟ್ಟು ರೈಲಿಗೆ ಸಿಕ್ಕುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದ. ಅದೇ ಅನುಭವ ಮುಂದೆ, ಒತ್ತಿದ ಗಾಳಿಯನ್ನು ಸಿಲಿಂಡರಿನಿಂದ ಹೊರಬಿಟ್ಟು ಎಂಜಿನ್ನನ್ನೇ ಬ್ರೇಕ್ ಆಗಿಸುವ ಸಾಧನಕ್ಕೆ ಕಾರಣವಾಯಿತು. ಜೇಕಬ್ಸ್ ಕಂಪನಿ 1961ರಿಂದ ಅದನ್ನು ತಯಾರಿಸಿತು. ಇಂದು ಅಲ್ಲಿನ ದೊಡ್ಡ ಡೀಸೆಲ್ ಪಿಕಪ್‌ನಲ್ಲೂ ಟರ್ಬೊ (ಎಂಜಿನ್ನಿಗೆ ಗಾಳಿ ತುಂಬುವ ಸಾಧನ) ಮೂಲಕ ಹೊಗೆಯ ದಾರಿಯನ್ನು ಬಿಗಿದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದೆ. ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದಿಂದ ಡೆನ್ವರ್ ಕಡೆಗೆ ಟ್ರೇಲರ್ ಕಟ್ಟಿಕೊಂಡು ಇಳಿಯುವಾಗ, ಅಶ್ವಶಕ್ತಿಗಿಂತ ಆ ಬ್ರೇಕಿನ ಗುಂಡಿಯೇ ದೊಡ್ಡದೆಂದು ನನಗೆ ಅನಿಸಿದೆ.

ನಮ್ಮ ದೊಡ್ಡ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಚಿಕ್ಕ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲ. ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಹೊರೆ ತುಂಬಿ ಇಳಿಯುವ ಹುಡುಗರು ಎರಡನೇ ಗೇರನ್ನೂ ಕಾಲಿನ ಬ್ರೇಕನ್ನೂ ನಂಬಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರನ್ನೂ ಕಂಡಿದ್ದೇನೆ, ಅದಕ್ಕೆ ಏನು ಹೇಳುವುದು! ಮೈಲೇಜ್ ಎಷ್ಟೆಂದು ನಾಲ್ಕು ಸಲ ಕೇಳುವ ನಾವು ಎಕ್ಸಾಸ್ಟ್ ಬ್ರೇಕ್ ಇದೆಯೇ ಎಂದು ಒಮ್ಮೆಯೂ ಕೇಳದಿದ್ದರೆ, ತಯಾರಕರು ತಾವಾಗಿ ಕೊಡುವುದಿಲ್ಲ.

ಎರಡನೆಯ ಸಂಗತಿ ಮಸಿಯದು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಜಾರಿಯಾದ ಮೇಲೆ ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬಂದಿದೆ. ಹಿಡಿದ ಮಸಿಯನ್ನು ಸುಡಲು ಅದಕ್ಕೆ 550ರಿಂದ 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು, ಆ ಬಿಸಿ ಉಳಿಯಲು ಒಂದಷ್ಟು ಹೊತ್ತು ಬಿಡದೆ ಓಡಬೇಕು. ಕೊಲರಾಡೊದ ಹೆದ್ದಾರಿಯಲ್ಲಿ ಅದು ತಾನಾಗಿ ಆಗುತ್ತದೆ. ತೋಟದಲ್ಲಿ ಗಾಡಿ ಲೈನ್‌ಮನೆಯಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಒಂದೆರಡು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಬಿಸಿಯೇರುವ ಮೊದಲೇ ಕೆಲಸ ಮುಗಿದಿರುತ್ತದೆ. ಪಕ್ಕದ ತೋಟದವರ ಪಿಕಪ್‌ನಲ್ಲಿ ಕೊಯ್ಲಿನ ನಡುವೆ ಎಚ್ಚರಿಕೆಯ ದೀಪ ಹತ್ತಿ, ಎಳೆತ ತಗ್ಗಿ, ಮೂರು ದಿನ ಸರ್ವಿಸ್ ಸೆಂಟರಿನಲ್ಲಿ ನಿಂತಿತ್ತು. ಅದನ್ನು ಮೇಸ್ತ್ರಿ ಬರೀ ಸ್ಪ್ಯಾನರ್ ಹಿಡಿದು ಸರಿಪಡಿಸಲಾರ, ಕಂಪ್ಯೂಟರ್ ಜೋಡಿಸಬೇಕು. ಚಿಕ್ಕಪ್ಪನ ಹಳೆಯ ಪ್ರಶ್ನೆ ಸಾಲದಾಗುವುದು ಇಲ್ಲಿಯೇ. ಜಾಲರಿಯನ್ನೇ ಕಿತ್ತೆಸೆಯುವ ಉಪಾಯ ಎರಡೂ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಮೇಲಾಗಿ ಆ ಮಸಿಯನ್ನು ಉಸಿರಾಡುವವರು ತೋಟದವರೇ.

ಹಾಗಾಗಿ ನಾನು ಹೇಳಿದ್ದು ಇಷ್ಟು: ತೋಟದೊಳಗಿನ ಓಡಾಟಕ್ಕೆ ಹಳೆಯ ಜೀಪೇ ಇರಲಿ, ಹೊಸ ಪಿಕಪ್ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಮೂಟೆ ಸಾಗಿಸಲು ಮಾತ್ರ ಹೊರಡಲಿ, ಮಸಿ ಸುಡಲೆಂದು ವಾರಕ್ಕೊಮ್ಮೆಯಾದರೂ ಮೈಸೂರಿನ ದಾರಿ ಹಿಡಿಯಲಿ. ಚಿಕ್ಕಪ್ಪ ಜೀಪಿನ ಬಾನೆಟ್ ತಟ್ಟಿ, ಇದನ್ನು ಮಾರುವ ಯೋಚನೆ ತನಗೆ ಎಂದೂ ಇರಲಿಲ್ಲ ಎಂದರು. ಪಿಕಪ್ ಮಾತ್ರ ಇನ್ನೂ ಬುಕ್ ಆಗಿಲ್ಲ.